ವಿಯೆಟ್ನಾಮೀಸ್ ರೆಸ್ಟೋರೆಂಟಲ್ಲಿ ಮಧ್ಯಾಹ್ನದ ಊಟ: ರುಚಿ ನೋಡೋ ಮೊದಲೇ ಸಾಸ್ ಸುರಿಯೋದು ಸರೀನಾ?

ಬಿಸಿಬಟ್ಟಲು:
ನಗರದಲ್ಲಿ ಎಲ್ಲರೂ ಹೊಗಳುವ ಒಂದು ವಿಯೆಟ್ನಾಮೀಸ್ ರೆಸ್ಟೋರೆಂಟ್ ಇದೆ. ಹೆಸರು ಬೇಡ, ಪ್ರಶ್ನೆ ಊಟದ ಬಗ್ಗೆ. ಆಫೀಸಿನವರೆಲ್ಲ ಸೇರಿ ಮಧ್ಯಾಹ್ನ ಹೋಗಿದ್ದೆವು. ಬಾಗಿಲ ಹೊರಗೇ ಕ್ಯೂ. ಕೂರಲು ಜಾಗ ಸಿಗುವಷ್ಟರಲ್ಲಿ ಅರ್ಧ ಬ್ರೇಕ್ ಮುಗಿದಿತ್ತು.

ಫೋ ಬಂತು, ಅಂದರೆ ಅಕ್ಕಿ ನೂಡಲ್ಸ್ ಹಾಕಿದ ವಿಯೆಟ್ನಾಂ ಸಾರು. ದೊಡ್ಡ ಬಟ್ಟಲು, ತಿಳಿಯಾದ ಸಾರು, ಮೇಲೆ ತೆಳ್ಳಗೆ ಕೊಯ್ದ ಹಸಿ ಬೀಫ್. ಸಾರಿನ ಬಿಸಿಗೆ ಮಾಂಸದ ಅಂಚು ನೋಡನೋಡುತ್ತಲೇ ಗುಲಾಬಿಯಿಂದ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಚಕ್ರಮೊಗ್ಗಿನ ಘಮ ಬೇರೆ. ನಾನು ಚಮಚ ಎತ್ತುವ ಮೊದಲೇ ಪಕ್ಕದಲ್ಲಿದ್ದ ಗೆಳೆಯ ಹೊಯ್ಸಿನ್ ಸಾಸ್ (ಸಿಹಿಯಾದ ದಪ್ಪ ಕಂದು ಸೋಯಾ ಸಾಸ್) ಒಂದು ಸುತ್ತು, ಕೆಂಪು ಚಿಲ್ಲಿ ಸಾಸ್ ಒಂದು ಸುತ್ತು ಸುರಿದು ಕಲಸಿಬಿಟ್ಟ. ಸಾರೆಲ್ಲ ಕಂದು. ನನಗೆ ನಿಜವಾಗಲೂ ಸಂಕಟವಾಯಿತು. ಗಂಟೆಗಟ್ಟಲೆ ಕಾಯಿಸಿದ ಸಾರನ್ನು ಒಂದು ಗುಟುಕೂ ಕುಡಿಯದೆ ಮುಚ್ಚಿಹಾಕೋದಾ? ಅವನು "ಟೇಬಲ್ ಮೇಲೆ ಇಟ್ಟಿರೋದೇ ಹಾಕೋಕೆ ಅಲ್ವಾ" ಅಂದ. ಅಲ್ಲಿಂದ ಶುರುವಾದ ವಾದ ಇನ್ನೂ ಮುಗಿದಿಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಒಬ್ಬರು ಪೂರ್ತಿ ಸಸ್ಯಾಹಾರಿ. ಮೆನುವಿನಲ್ಲಿ "ವೆಜಿಟಬಲ್ ಫೋ" ಅಂತ ನೋಡಿ ಅದನ್ನೇ ಹೇಳಿದರು. ನನಗೆ ಯಾಕೋ ಅನುಮಾನ ಬಂದು ಕೇಳಿದೆ. ಹುಡುಗ ಅಡುಗೆಮನೆಗೆ ಹೋಗಿ ಬಂದು, "ಮೇಲೆ ಹಾಕೋದು ತರಕಾರಿ, ಸಾರು ಬೀಫ್‌ದೇ" ಅಂದ. ಪಾಪ, ಅವರು ಬರೀ ಅನ್ನ ಮತ್ತು ಸೊಪ್ಪು ತಿಂದು ಎದ್ದರು.

ತಿಳಿದವರು ಹೇಳಿ. ಸಾಸ್ ವಿಷಯದಲ್ಲಿ ಯಾರು ಸರಿ? ಸಸ್ಯಾಹಾರಿಗಳು ಏನಂತ ಕೇಳಬೇಕು? ಸಮಯ ಕಡಿಮೆ ಇದ್ದಾಗ ಯಾವುದು ಬೇಗ ಬರುತ್ತದೆ?

ಸುಮ್ನೆ_ಓದುವವ:
ಅವರ ಬಟ್ಟಲು, ಅವರಿಷ್ಟ. ಬಿಡಿ.

ಮೂಳೆಸಾರು:
ಬಿಡೋಕಾಗಲ್ಲ. ಫೋ ಅಂದರೆ ಸಾರು, ಮಿಕ್ಕಿದ್ದೆಲ್ಲ ಆಮೇಲೆ. ದನದ ಮೂಳೆಯನ್ನು ಮೊದಲು ಒಂದು ಕುದಿ ಬರಿಸಿ, ಆ ಕೊಳೆ ನೀರು ಚೆಲ್ಲಿ, ಮೂಳೆ ತೊಳೆದು, ಮತ್ತೆ ಹೊಸ ನೀರಿಗೆ ಹಾಕಬೇಕು. ಶುಂಠಿ, ಈರುಳ್ಳಿಯನ್ನು ಸಿಪ್ಪೆ ಸಮೇತ ಬೆಂಕಿಯಲ್ಲಿ ಕಪ್ಪಾಗುವವರೆಗೆ ಸುಡಬೇಕು. ಚಕ್ರಮೊಗ್ಗು, ಚಕ್ಕೆ, ಲವಂಗ, ಕೊತ್ತಂಬರಿ ಬೀಜ, ಕಪ್ಪು ಏಲಕ್ಕಿ ಹುರಿದು ಬಟ್ಟೆಯಲ್ಲಿ ಕಟ್ಟಿ ಇಳಿಬಿಡಬೇಕು. ಆಮೇಲೆ ಆರು ಗಂಟೆ, ಎಂಟು ಗಂಟೆ, ಕೆಲವರು ರಾತ್ರಿಯಿಡೀ ಸಣ್ಣ ಉರಿ. ಕೊತಕೊತ ಕುದಿಸಿದರೆ ಸಾರು ಕದಡುತ್ತದೆ. ಅದಕ್ಕೇ ಒಬ್ಬರು ನಿಂತು ನೊರೆ ತೆಗೆಯುತ್ತಲೇ ಇರಬೇಕು. ಕೊನೆಗೆ ಫಿಶ್ ಸಾಸ್, ಸ್ವಲ್ಪ ಕಲ್ಲುಸಕ್ಕರೆ.

ಇಷ್ಟು ಮಾಡಿದವರ ಮೇಲೆ ಒಂದು ಚಮಚದಷ್ಟಾದರೂ ಗೌರವ ಬೇಡವಾ? ಮೊದಲು ಹಾಗೇ ಕುಡಿಯಿರಿ. ಆಮೇಲೆ ಏನಾದರೂ ಸುರಿಯಿರಿ.

ಖಾರಪ್ರಿಯೆ:
ಸಾರು ಅಷ್ಟು ಚೆನ್ನಾಗಿದ್ದರೆ ಸರಿ. ಎಷ್ಟೋ ಕಡೆ ಪುಡಿ ಕಲಸಿದ ಬಿಸಿನೀರು ಕೊಡುತ್ತಾರೆ. ಅಂಥ ಕಡೆ ಸಾಸೇ ದೇವರು.

ಮೂಳೆಸಾರು:
ಒಪ್ಪಿದೆ. ಆದರೆ ಅದು ಪುಡಿಯಾ ಮೂಳೆಯಾ ಅಂತ ಗೊತ್ತಾಗೋದೂ ಮೊದಲ ಗುಟುಕಲ್ಲೇ ಅಲ್ವಾ ಮೇಡಂ?

ಅಲೆಮಾರಿ:
ಇಬ್ಬರೂ ಸರಿ, ಊರು ಬೇರೆ ಅಷ್ಟೇ. ಉತ್ತರದ ಹನೋಯ್‌ನಲ್ಲಿ ಫೋ ತುಂಬ ಸರಳ. ಅಗಲವಾದ ಅಕ್ಕಿ ನೂಡಲ್ಸ್, ಈರುಳ್ಳಿ ಹೂ, ಮಾಂಸ, ತಿಳಿ ಸಾರು. ಪಕ್ಕದಲ್ಲಿ ಬೆಳ್ಳುಳ್ಳಿ ನೆನೆಸಿದ ವಿನೆಗರ್, ಹಸಿಮೆಣಸು, ಅದ್ದಿಕೊಳ್ಳೋಕೆ ಕರಿದ ಹಿಟ್ಟಿನ ಕಡ್ಡಿ. ಹೊಯ್ಸಿನ್ ಸುರಿದರೆ ಅಂಗಡಿಯವರ ಮುಖ ನೋಡಬೇಕು ನೀವು.

ದಕ್ಷಿಣದ ಸೈಗಾನ್‌ನಲ್ಲಿ (ಈಗಿನ ಹೋ ಚಿ ಮಿನ್ ಸಿಟಿ) ಲೆಕ್ಕವೇ ಬೇರೆ. ಸಾರು ಸ್ವಲ್ಪ ಸಿಹಿ. ಒಂದು ತಟ್ಟೆ ತುಂಬ ಸೊಪ್ಪು, ಮೊಳಕೆ ಕಾಳು, ನಿಂಬೆ. ಹೊಯ್ಸಿನ್ನೂ ಚಿಲ್ಲಿ ಸಾಸೂ ಟೇಬಲ್ ಮೇಲೇ ಇರುತ್ತವೆ. 1954ರಲ್ಲಿ ದೇಶ ಎರಡು ಭಾಗವಾದಾಗ ಉತ್ತರದಿಂದ ಸುಮಾರು 8ರಿಂದ 10 ಲಕ್ಷ ಜನ ದಕ್ಷಿಣಕ್ಕೆ ಬಂದರು. ಫೋ ದಕ್ಷಿಣದಲ್ಲಿ ಮನೆಮಾತಾಗಿದ್ದು ಆಗ. ಅಲ್ಲಿನ ಸೊಪ್ಪು, ಅಲ್ಲಿನ ಸಿಹಿ ಎಲ್ಲ ಸೇರಿಕೊಂಡಿತು. 1975ರಲ್ಲಿ ಯುದ್ಧ ಮುಗಿದ ನಂತರ ಹೊರದೇಶಗಳಿಗೆ ಹೋದವರಲ್ಲಿ ದಕ್ಷಿಣದವರೇ ಜಾಸ್ತಿ. ಅದಕ್ಕೇ ಜಗತ್ತಿನ ಬೇರೆ ಊರುಗಳಲ್ಲಿ ನಮಗೆ ಸಿಗೋ ಫೋ ಬಹುಪಾಲು ಸೈಗಾನ್ ಕಡೆಯದು, ಸಾಸ್ ಸಮೇತ.

ಖಾರಪ್ರಿಯೆ:
ನೋಡಿ! ಸಾಸ್ ಹಾಕೋದು ಸಂಪ್ರದಾಯವೇ.

ಅಲೆಮಾರಿ:
ಪೂರ್ತಿ ಹಾಗಲ್ಲ. ಸೈಗಾನ್‌ನಲ್ಲೂ ತುಂಬ ಜನ ಎರಡೂ ಸಾಸನ್ನು ಚಿಕ್ಕ ತಟ್ಟೆಗೆ ಹಾಕಿಕೊಂಡು ಮಾಂಸವನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಸಾರು ತಿಳಿಯಾಗೇ ಉಳಿಯುತ್ತದೆ, ಖಾರವೂ ಸಿಗುತ್ತದೆ. ಬಟ್ಟಲಿಗೇ ಹಾಕುವವರೂ ಇದ್ದಾರೆ, ಇಲ್ಲ ಅನ್ನಲ್ಲ.

ಬಿಸಿಬಟ್ಟಲು:
ಈ ಚಿಕ್ಕ ತಟ್ಟೆ ಉಪಾಯ ನಮ್ಮ ಟೇಬಲ್‌ಗೆ ಬೇಕಿತ್ತು. ಆ ತಟ್ಟೆಗಳನ್ನು ಕೊಟ್ಟೂ ಇದ್ದರು, ನಾವು ಅದರಲ್ಲಿ ಟಿಶ್ಯೂ ಇಟ್ಟಿದ್ದೆವು.

ಕಿಟಕಿ_ಸೀಟು:
ಕೋಳಿ ಚಿತ್ರದ ಆ ಕೆಂಪು ಚಿಲ್ಲಿ ಸಾಸ್ ಬಾಟಲಿ ವಿಯೆಟ್ನಾಂದಲ್ಲ, ಗೊತ್ತಾ? ಅದು ಕ್ಯಾಲಿಫೋರ್ನಿಯಾದ್ದು. ವಿಯೆಟ್ನಾಂ ಬಿಟ್ಟು ಬಂದ ಡೇವಿಡ್ ಟ್ರಾನ್ 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರು ಮಾಡಿದ ಹುಯ್ ಫಾಂಗ್ ಕಂಪನಿಯದು. ಅವರು ದೇಶ ಬಿಟ್ಟ ಹಡಗಿನ ಹೆಸರನ್ನೇ ಕಂಪನಿಗೆ ಇಟ್ಟರು.

ಸುಮ್ನೆ_ಓದುವವ:
ಇದು ಚೆನ್ನಾಗಿದೆ. ಹಡಗಿನ ವಿಷಯ ಗೊತ್ತಿರಲಿಲ್ಲ.

ಹಸಿರುತಟ್ಟೆ:
ಸಾಸ್ ಜಗಳ ಸಾಕು. ಆ ಸಸ್ಯಾಹಾರಿ ಗೆಳೆಯರ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ನಾನೂ ಅದೇ ಗುಂಪು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

"ವೆಜಿಟೇರಿಯನ್ ಇದೆಯಾ" ಅಂತ ಕೇಳಿದರೆ ಸಾಲದು. ಇದೆ ಅಂತಾರೆ. ಅವರ ಲೆಕ್ಕದಲ್ಲಿ ಮಾಂಸದ ತುಂಡು ಇಲ್ಲದಿದ್ದರೆ ಮುಗಿಯಿತು. ಬಿಡಿಬಿಡಿಯಾಗಿ ಕೇಳಿ. ಸಾರಿನಲ್ಲಿ ಮೂಳೆ ಇದೆಯಾ? ಅದ್ದಿಕೊಳ್ಳುವ ನೀರಿನಂಥ ಸಾಸಿನಲ್ಲಿ ಫಿಶ್ ಸಾಸ್ ಇದೆಯಾ? ಕರಿದ ರೋಲ್ ಮಾಂಸದ ರೋಲ್ ಕರಿದ ಎಣ್ಣೆಯಲ್ಲೇ ಬರುತ್ತದಾ? ಸೊಪ್ಪು ಬಾಡಿಸುವಾಗ ಆಯ್ಸ್ಟರ್ ಸಾಸ್ (ಸಿಂಪಿಯಿಂದ ಮಾಡಿದ್ದು) ಹಾಕುತ್ತೀರಾ? ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಬರೀ ಸೊಪ್ಪಿನ ಪಲ್ಯ ಅಂತ ನಂಬಿ ತಿಂದವರು ಎಷ್ಟೋ ಜನ.

ಹಾಗಂತ ವಿಯೆಟ್ನಾಂ ಅಡುಗೆಯಲ್ಲಿ ಸಸ್ಯಾಹಾರ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಬಿಡುವ ರೂಢಿ ಇದೆ. ಅದಕ್ಕಾಗಿಯೇ "ಚಾಯ್" (ಚಹಾ ಅಲ್ಲ, ಸಸ್ಯಾಹಾರ ಅಂತ ಅರ್ಥ) ಅಡುಗೆ ಅಂತ ಒಂದು ದೊಡ್ಡ ಶಾಖೆಯೇ ಬೆಳೆದಿದೆ. ಫೋ ಚಾಯ್ ಮಾಡುವಾಗ ಮೂಲಂಗಿ, ಕ್ಯಾರೆಟ್, ಅಣಬೆ, ಸುಟ್ಟ ಈರುಳ್ಳಿ, ಸುಟ್ಟ ಶುಂಠಿ, ಅದೇ ಮಸಾಲೆ ಹಾಕಿ ಬೇರೆಯೇ ಸಾರು ಕಾಯಿಸುತ್ತಾರೆ. ಫಿಶ್ ಸಾಸ್ ಬದಲು ಸೋಯಾ ಸಾಸ್. ಮೆನುವಿನಲ್ಲಿ ಚಾಯ್ ಅಂತಲೇ ಬರೆದಿದ್ದರೆ ಅಡುಗೆಯವರಿಗೆ ವಿಷಯ ಗೊತ್ತು ಅಂತ ಅರ್ಥ. ಬರೀ "ವೆಜಿಟಬಲ್ ಫೋ" ಅಂತಿದ್ದರೆ ಕೇಳದೆ ಮುಟ್ಟಬೇಡಿ.

ಬಿಸಿಬಟ್ಟಲು:
ತುಂಬ ಉಪಕಾರವಾಯಿತು. ಇದನ್ನು ಹಾಗೇ ಅವರಿಗೆ ಕಳಿಸಿದೆ. ಒಂದು ಅನುಮಾನ: ಫಿಶ್ ಸಾಸ್ ಇಲ್ಲದೆ ಅಲ್ಲಿ ಏನೂ ಆಗಲ್ಲವಾ?

ಸೌಟು_ಹಿಡಿದವ:
ಕಷ್ಟ. ನಾನು ವಿಯೆಟ್ನಾಮೀಸ್ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ಅಲ್ಲಿ ಉಪ್ಪಿನ ಡಬ್ಬಕ್ಕಿಂತ ಜಾಸ್ತಿ ಕೈ ಹೋಗೋದು ಫಿಶ್ ಸಾಸ್ ಬಾಟಲಿಗೆ. ಮಾಂಸ ನೆನೆಸೋಕೆ ಅದು, ಸಾರಿಗೆ ಅದು, ಸಲಾಡ್‌ಗೆ ಅದು. ಟೇಬಲ್ ಮೇಲೆ ಬರುವ ತಿಳಿ ಸಾಸ್ ಇದೆಯಲ್ಲ, ಅದು ಫಿಶ್ ಸಾಸ್, ನಿಂಬೆ ರಸ, ಸಕ್ಕರೆ, ನೀರು, ಬೆಳ್ಳುಳ್ಳಿ, ಮೆಣಸಿನಕಾಯಿ. ಸಾಮಾನ್ಯವಾಗಿ ಬೆಳಗ್ಗೆಯೇ ಒಂದು ದೊಡ್ಡ ಪಾತ್ರೆ ಕಲಸಿಡುತ್ತಾರೆ. ಮಧ್ಯಾಹ್ನದ ರಶ್‌ನಲ್ಲಿ "ನನಗೆ ಫಿಶ್ ಸಾಸ್ ತೆಗೆದು ಕೊಡಿ" ಅಂದರೆ ತೆಗೆಯೋಕೆ ಆಗಲ್ಲ. "ಸೋಯಾ ಸಾಸ್, ನಿಂಬೆ, ಮೆಣಸಿನಕಾಯಿ ಬೇರೆ ಕೊಡಿ" ಅಂದರೆ ಎರಡು ಸೆಕೆಂಡಿನ ಕೆಲಸ. ಹಾಗೆ ಕೇಳಿ.

ಇತಿಹಾಸದ_ಹುಳು:
ಫಿಶ್ ಸಾಸ್ ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಒಳ್ಳೆಯದರಲ್ಲಿ ಇರೋದು ಚಿಕ್ಕ ಆಂಚೊವಿ ಮೀನು ಮತ್ತು ಉಪ್ಪು, ಅಷ್ಟೇ. ವಿಯೆಟ್ನಾಂನ ಫು ಕ್ವೊಕ್ ದ್ವೀಪದಲ್ಲಿ ಅದನ್ನು ದೊಡ್ಡ ಮರದ ಪೀಪಾಯಿಗಳಲ್ಲಿ ಒಂದು ವರ್ಷ ಅಥವಾ ಸ್ವಲ್ಪ ಜಾಸ್ತಿ ಇಡುತ್ತಾರೆ. 2012ರಲ್ಲಿ ಯುರೋಪಿಯನ್ ಯೂನಿಯನ್ ಆ ಹೆಸರಿಗೆ ರಕ್ಷಣೆ ಕೊಟ್ಟಿತು. ಬೇರೆ ಕಡೆ ಮಾಡಿದ್ದನ್ನು ಅಲ್ಲಿ ಫು ಕ್ವೊಕ್ ಸಾಸ್ ಅಂತ ಮಾರುವಂತಿಲ್ಲ. ಬಾಟಲಿ ಮೇಲೆ 30, 40 ಅಂತ ಅಂಕಿ ಇರುತ್ತದೆ, ಒಂದು ಲೀಟರಿಗೆ ಎಷ್ಟು ಗ್ರಾಂ ಸಾರಜನಕ ಅನ್ನೋ ಲೆಕ್ಕ. ಅಂಕಿ ಜಾಸ್ತಿ ಇದ್ದಷ್ಟೂ ಮೀನಿನ ಸತ್ವ ಜಾಸ್ತಿ.

ಅರ್ಧಗಂಟೆ_ಬ್ರೇಕ್:
ಎಲ್ಲ ಸರಿ, ಬೇಗ ಯಾವುದು ಬರುತ್ತದೆ ಅಂತ ಹೇಳಿ. ನನ್ನ ಹೆಸರೇ ನನ್ನ ಸಮಸ್ಯೆ.

ಸೌಟು_ಹಿಡಿದವ:
ಫೋ. ಕಣ್ಣು ಮುಚ್ಚಿ ಫೋ ಹೇಳಿ. ಕಷ್ಟದ ಕೆಲಸವೆಲ್ಲ ಹಿಂದಿನ ರಾತ್ರಿಯೇ ಮುಗಿದಿರುತ್ತದೆ. ಆರ್ಡರ್ ಬಂದ ಮೇಲೆ ನೂಡಲ್ಸನ್ನು ಜರಡಿ ಬುಟ್ಟಿಯಲ್ಲಿ ಹಾಕಿ ಕುದಿನೀರಲ್ಲಿ ಒಂದಷ್ಟು ಸೆಕೆಂಡ್ ಮುಳುಗಿಸಿ, ಜಾಡಿಸಿ ಬಟ್ಟಲಿಗೆ ಹಾಕೋದು. ಮಾಂಸ ಜೋಡಿಸೋದು. ಈರುಳ್ಳಿ ಹೂ, ಕೊತ್ತಂಬರಿ. ಮೇಲಿಂದ ಕುದಿಯುವ ಸಾರು. ಎರಡು ನಿಮಿಷ ಸಾಕು.

ತಡ ಆಗೋದು ಬಾನ್ ಸೆಯೊ. ಅಕ್ಕಿ ಹಿಟ್ಟು, ಅರಿಸಿನ, ತೆಂಗಿನ ಹಾಲಿನ ತೆಳು ಹಿಟ್ಟು ಹುಯ್ದು ಗರಿಗರಿ ಆಗುವವರೆಗೆ ಕಾಯಬೇಕು, ಒಂದು ಬಾಣಲೆಯಲ್ಲಿ ಒಂದೇ. ಆರು ಜನ ಆರು ಬಾನ್ ಸೆಯೊ ಹೇಳಿದರೆ ಕೊನೆಯವರಿಗೆ ಸಿಗುವಾಗ ಮೊದಲನೆಯವರ ಬ್ರೇಕ್ ಮುಗಿದಿರುತ್ತದೆ. ಬೆಂಕಿಯಲ್ಲಿ ಸುಡುವ ಮಾಂಸವೂ ಹಾಗೇ. ಅಕ್ಕಿ ಹಾಳೆಯಲ್ಲಿ ಸುತ್ತಿದ ಹಸಿ ರೋಲ್ ಬೇಗ ಬರುತ್ತದೆ, ಆದರೆ ಆಗಲೇ ಸುತ್ತಿದ್ದಾ ಅಂತ ಮುಟ್ಟಿ ನೋಡಿ. ಹಾಳೆ ಒಣಗಿ ರಬ್ಬರಿನ ಹಾಗೆ ಎಳೆದರೆ ಬೆಳಗ್ಗೆ ಸುತ್ತಿಟ್ಟದ್ದು.

ಇನ್ನೊಂದು ಮುಖ್ಯ. ಬಟ್ಟಲು ಉಗುರು ಬೆಚ್ಚಗೆ ಬಂದರೆ ವಾಪಸ್ ಕಳಿಸಿ, ನಾಚಿಕೆ ಬೇಡ. ಹಸಿ ಮಾಂಸದ ಚೂರು ಬೇಯಬೇಕಾದ್ದು ಆ ಸಾರಿನ ಬಿಸಿಯಲ್ಲೇ.

ಕಿಟಕಿ_ಸೀಟು:
ಹಸಿ ಮಾಂಸ ಅಂದರೆ ನನಗೆ ಭಯ. ಅದು ಪೂರ್ತಿ ಬೇಯುತ್ತದಾ?

ಸೌಟು_ಹಿಡಿದವ:
ಹೊರಗೆ ಬೇಯುತ್ತದೆ, ನಡುವೆ ಅರೆಬೆಂದ ಹಾಗೇ ಇರಬಹುದು. ಭಯ ಇದ್ದರೆ ಬೇಯಿಸಿದ ಬ್ರಿಸ್ಕೆಟ್ (ದನದ ಎದೆಭಾಗದ ಮಾಂಸ) ಇರೋದನ್ನು ಕೇಳಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದೇ ಸರಿ. ಅವರಿಗೆ ಹಸಿ ಮೊಳಕೆ ಕಾಳೂ ಬೇಡ. ಬಿಸಿನೀರಲ್ಲಿ ಚೆನ್ನಾಗಿ ಬೇಯಿಸಿ ಕೊಡಿ ಅಂದರೆ ಕೊಡುತ್ತಾರೆ. ಅಥವಾ ಕೋಳಿ ಫೋ ತಿನ್ನಿ, ಅದು ಬೆಂದೇ ಬರುತ್ತದೆ.

ಮೂಳೆಸಾರು:
ಕೋಳಿ ಫೋ ಫೋನೇ ಅಲ್ಲ.

ಇತಿಹಾಸದ_ಹುಳು:
ಯಾಕಲ್ಲ ಸ್ವಾಮಿ? ಹನೋಯ್‌ನವರೇ 1930ರ ದಶಕದಿಂದ ತಿನ್ನುತ್ತಾ ಬಂದಿದ್ದಾರೆ. ವಾರದ ಕೆಲವು ದಿನ ಬೀಫ್ ಸಿಗದೇ ಹೋದಾಗ ಕೋಳಿ ಹಾಕಿ ಶುರು ಮಾಡಿದರು ಅಂತ ಅಲ್ಲಿನವರೇ ಹೇಳುತ್ತಾರೆ. ಬೀಫ್ ಫೋನೂ ಏನು ಸಾವಿರ ವರ್ಷದ್ದಲ್ಲ. 20ನೇ ಶತಮಾನದ ಆರಂಭದಲ್ಲಿ ಉತ್ತರದ ನಾಮ್ ದಿನ್, ಹನೋಯ್ ಕಡೆ ಹುಟ್ಟಿದ್ದು. ಫ್ರೆಂಚರ ಕಾಲದಲ್ಲಿ ಬೀಫ್‌ಗೆ ಬೇಡಿಕೆ ಹೆಚ್ಚಿ ಮೂಳೆ ಉಳಿಯುತ್ತಿತ್ತು. ಬೀದಿ ಮಾರಾಟಗಾರರು ಅದನ್ನು ಸಾರು ಮಾಡಿ, ಅಕ್ಕಿ ನೂಡಲ್ಸ್ ಹಾಕಿ, ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ಮಾರಿದರು. ಅಡ್ಡೆಯ ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಬಟ್ಟಲು. ನೂರು ವರ್ಷದ ಅಡುಗೆಗೆ "ಇದೇ ಅಸಲಿ" ಅನ್ನೋ ಬೇಲಿ ಹಾಕೋದು ಸರಿಯಲ್ಲ.

ಮೂಳೆಸಾರು:
ಇತಿಹಾಸ ಒಪ್ಪಿದೆ. ರುಚಿ ಒಪ್ಪಲ್ಲ.

ಅಲೆಮಾರಿ:
ನನ್ನ ಕೇಳಿದರೆ ಮಧ್ಯಾಹ್ನಕ್ಕೆ ಫೋನೇ ಬೇಡ. ಹನೋಯ್‌ನಲ್ಲಿ ಬೆಳಗ್ಗೆ ಫೋ, ಮಧ್ಯಾಹ್ನ ಬುನ್ ಚಾ. ಕೆಂಡದ ಮೇಲೆ ಸುಟ್ಟ ಹಂದಿ ಮಾಂಸ, ಅದು ಮುಳುಗಿರುವ ಹುಳಿ ಸಿಹಿ ತಿಳಿ ಸಾಸ್, ತೆಳು ಅಕ್ಕಿ ಶಾವಿಗೆ, ಒಂದು ರಾಶಿ ಸೊಪ್ಪು. ಹನ್ನೊಂದು ಗಂಟೆಗೆಲ್ಲ ಬೀದಿ ತುಂಬ ಹೊಗೆ. ಒಬಾಮಾ ಅವರೂ 2016ರಲ್ಲಿ ಟಿವಿಯಲ್ಲಿ ಊಟದ ಕಾರ್ಯಕ್ರಮ ಮಾಡುತ್ತಿದ್ದ ಬಾಣಸಿಗ ಆಂಥನಿ ಬೋರ್ಡೇನ್ ಜೊತೆ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ತಿಂದರಲ್ಲ, ಅದೇ.

ಕಿಟಕಿ_ಸೀಟು:
ಅವರು ತಿಂದಿದ್ದು ರಾತ್ರಿ ಊಟಕ್ಕೆ. ಮಧ್ಯಾಹ್ನ ಅಲ್ಲ.

ಅಲೆಮಾರಿ:
ಹೌದು, ಆ ಭೇಟಿ ಸಂಜೆಯದೇ. ಹನೋಯ್ ಜನ ತಿನ್ನೋದು ಮಾತ್ರ ಮಧ್ಯಾಹ್ನವೇ ಜಾಸ್ತಿ. ಆ ಅಂಗಡಿಯವರು ಆಮೇಲೆ ಅವರು ಕೂತ ಟೇಬಲ್ಲಿಗೆ ಗಾಜಿನ ಪೆಟ್ಟಿಗೆ ಹಾಕಿ ಇಟ್ಟಿದ್ದಾರೆ. ಬಟ್ಟಲು, ಚಾಪ್‌ಸ್ಟಿಕ್ ಎಲ್ಲ ಒಳಗೇ.

ಅರ್ಧಗಂಟೆ_ಬ್ರೇಕ್:
ಅಷ್ಟು ರಶ್ ಇರೋ ಅಂಗಡಿಯಲ್ಲಿ ಒಂದು ಟೇಬಲ್ ಖಾಲಿ ಇಟ್ಟಿದ್ದಾರಾ? ನನಗೆ ಹೊಟ್ಟೆ ಉರಿಯುತ್ತಿದೆ.

ಕಡಲೆಕಾಯಿ_ಬೇಡ:
ಅಲರ್ಜಿ ಇರುವವರ ಪರವಾಗಿ ಒಂದು ಮಾತು. ಹಸಿ ರೋಲ್ ಜೊತೆ ಬರುವ ದಪ್ಪ ಕಂದು ಸಾಸ್ ಹೊಯ್ಸಿನ್ ಜೊತೆ ಕಡಲೆಕಾಯಿ ಹಾಕಿ ಮಾಡಿದ್ದು. ಶಾವಿಗೆ ಬಟ್ಟಲಿನ ಮೇಲೂ, ಸಲಾಡ್ ಮೇಲೂ ಕುಟ್ಟಿದ ಕಡಲೆಕಾಯಿ ಉದುರಿಸುತ್ತಾರೆ. ಮೆನುವಿನಲ್ಲಿ ಬರೆದೇ ಇರುತ್ತಾರೆ ಅಂತ ಹೇಳೋಕಾಗಲ್ಲ. ಆರ್ಡರ್ ಕೊಡುವಾಗಲೇ ಹೇಳಿ, ಊಟ ಬಂದ ಮೇಲೆ ಅಲ್ಲ. ಮೇಲಿನ ಪುಡಿ ಕೆರೆದು ತೆಗೆದು ಅದೇ ಬಟ್ಟಲು ವಾಪಸ್ ತಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಸಾಲದು, ಹೊಸ ಬಟ್ಟಲೇ ಬೇಕು ಅಂತ ಗಟ್ಟಿಯಾಗಿ ಹೇಳಿ.

ಹಸಿರುತಟ್ಟೆ:
ಇದು ತುಂಬ ಮುಖ್ಯ. ಎಲ್ಲರೂ ಓದಿ.

ಖಾರಪ್ರಿಯೆ:
ಆ ಸೊಪ್ಪಿನ ತಟ್ಟೆ ಏನು ಮಾಡೋದು? ಪೂರ್ತಿ ಒಮ್ಮೆಗೇ ಹಾಕಬೇಕಾ? ನಾನು ಅಲಂಕಾರ ಅಂತ ಪಕ್ಕಕ್ಕೆ ತಳ್ಳುತ್ತಿದ್ದೆ.

ಅಲೆಮಾರಿ:
ಅಯ್ಯೋ, ಅದು ಅರ್ಧ ಊಟ! ಸ್ವಲ್ಪ ಸ್ವಲ್ಪ ಕೈಯಲ್ಲಿ ಹರಿದು ಹಾಕಿ, ತಿನ್ನುತ್ತಾ ಮತ್ತೆ ಹಾಕಿ. ಒಮ್ಮೆಗೇ ಹಾಕಿದರೆ ಎಲ್ಲ ಬಾಡಿ ಸಾರು ತಣ್ಣಗಾಗುತ್ತದೆ. ನೇರಳೆ ದಂಟಿನದು ಅಲ್ಲಿನ ತುಳಸಿ, ಸೋಂಪಿನ ಘಮ ಇರುತ್ತದೆ. ಉದ್ದ ಎಲೆ, ಅಂಚಿನಲ್ಲಿ ಗರಗಸದ ಹಲ್ಲು ಇರೋದು ಕೊತ್ತಂಬರಿಗಿಂತ ಜೋರು ವಾಸನೆಯದು, ಅದನ್ನು ಚಿಕ್ಕದಾಗಿ ಹರಿಯಿರಿ. ನಿಂಬೆ ಕೊನೆಗೆ, ಒಂದೇ ಹೋಳು.

ಫಿನ್_ಕಾಫಿ:
ಕಾಫಿ ಬಗ್ಗೆ ಯಾರೂ ಬರೆದಿಲ್ಲ ಅಂದರೆ ಹೇಗೆ? ಊಟ ಮುಗಿದ ಮೇಲೆ ಹೇಳಬೇಡಿ, ಊಟದ ಜೊತೆಗೇ ಹೇಳಿ. ಲೋಟದ ತಳದಲ್ಲಿ ಎರಡು ಬೆರಳು ಕಂಡೆನ್ಸ್ಡ್ ಮಿಲ್ಕ್, ಮೇಲೆ ಫಿನ್ ಅನ್ನೋ ಚಿಕ್ಕ ಲೋಹದ ಫಿಲ್ಟರ್. ಒಂದೊಂದೇ ಹನಿ ಇಳಿಯುತ್ತದೆ. ಕಪ್ಪು ಪದರ ಬಿಳಿ ಪದರದ ಮೇಲೆ ನಿಲ್ಲುತ್ತದೆ, ಕಲಸುವವರೆಗೂ ಸೇರಲ್ಲ. ನಾಲ್ಕೈದು ನಿಮಿಷ ಬೇಕೇ ಬೇಕು. ಆಮೇಲೆ ಕಲಸಿ ಐಸ್ ಮೇಲೆ ಸುರಿಯೋದು.

ರೊಬಸ್ಟಾ ಆದ್ದರಿಂದ ಕಿಕ್ ಜೋರು. ರೊಬಸ್ಟಾ ಬೆಳೆಯೋದರಲ್ಲಿ ಜಗತ್ತಿಗೇ ವಿಯೆಟ್ನಾಂ ಮೊದಲು. ಒಟ್ಟು ಕಾಫಿಯಲ್ಲಿ ಬ್ರೆಜಿಲ್ ನಂತರ ಎರಡನೆಯದು.

ಇತಿಹಾಸದ_ಹುಳು:
ಮೊಟ್ಟೆ ಕಾಫಿ ಸಿಕ್ಕರೆ ಬಿಡಬೇಡಿ. 1946ರಲ್ಲಿ ಹಾಲಿಗೆ ಬರ ಬಂದಾಗ ಹನೋಯ್‌ನ ಮೆಟ್ರೊಪೋಲ್ ಹೋಟೆಲಿನಲ್ಲಿದ್ದ ನುಯೆನ್ ವಾನ್ ಜಾಂಗ್ ಅವರು ಮೊಟ್ಟೆಯ ಹಳದಿ ನೊರೆ ಬರಿಸಿ ಕಾಫಿ ಮೇಲೆ ಹಾಕಿದರು. ಅವರ ಮನೆಯವರು ಹನೋಯ್‌ನಲ್ಲಿ ಆ ಕೆಫೆ ಇನ್ನೂ ನಡೆಸುತ್ತಿದ್ದಾರೆ.

ಸುಮ್ನೆ_ಓದುವವ:
ಹಸಿ ಮೊಟ್ಟೆ ವಾಸನೆ ಬರಲ್ವಾ?

ಫಿನ್_ಕಾಫಿ:
ಚೆನ್ನಾಗಿ ನೊರೆ ಬರಿಸಿದರೆ ಬರಲ್ಲ. ಬಿಸಿ ಇದ್ದಾಗಲೇ ಕುಡಿಯಬೇಕು. ತಣ್ಣಗಾದರೆ ಬರುತ್ತದೆ.

ಅರ್ಧಗಂಟೆ_ಬ್ರೇಕ್:
ಕಾಫಿ ಕುಡಿಯಿರಿ, ಬೇಡ ಅನ್ನಲ್ಲ. ಆದರೆ ಹೊರಗೆ ಜನ ಬಿಸಿಲಲ್ಲಿ ನಿಂತಿರುವಾಗ ಖಾಲಿ ಲೋಟ ಹಿಡಿದು ಮುಕ್ಕಾಲು ಗಂಟೆ ಮೀಟಿಂಗ್ ಮಾಡಬೇಡಿ ಮಾರಾಯ್ರೆ. ಮಧ್ಯಾಹ್ನದ ಟೇಬಲ್ ಎಲ್ಲರದ್ದು. ಇದು ಅಡುಗೆಯವರಿಗೂ ನಷ್ಟ, ಕಾಯುವವರಿಗೂ ಹಸಿವು.

ಖಾರಪ್ರಿಯೆ:
ದುಡ್ಡು ಕೊಟ್ಟು ತಿಂದವರನ್ನು ಎಬ್ಬಿಸೋದೂ ಸರಿಯಲ್ಲ. ವಯಸ್ಸಾದವರು ನಿಧಾನಕ್ಕೆ ತಿನ್ನುತ್ತಾರೆ.

ಅರ್ಧಗಂಟೆ_ಬ್ರೇಕ್:
ತಿನ್ನುತ್ತಿರುವವರ ಬಗ್ಗೆ ಹೇಳಿಲ್ಲ. ಲ್ಯಾಪ್‌ಟಾಪ್ ತೆಗೆದವರ ಬಗ್ಗೆ ಹೇಳಿದ್ದು.

ಸೌಟು_ಹಿಡಿದವ:
ಸರಳ ದಾರಿ ಇದೆ. ಬಹುತೇಕ ಕಡೆ ಹನ್ನೆರಡೂವರೆಯಿಂದ ಒಂದೂವರೆವರೆಗೆ ನುಗ್ಗಾಟ. ಹನ್ನೆರಡಕ್ಕೆ ಹದಿನೈದು ನಿಮಿಷ ಮೊದಲೇ ಹೋಗಿ. ಎರಡು ಗಂಟೆ ಮೇಲೆ ಹೋದರೆ ಜಾಗ ಸಿಗುತ್ತದೆ, ಆದರೆ ಒಳ್ಳೆ ಅಂಗಡಿಯಾದರೆ ಸಾರು ಮುಗಿದಿರಬಹುದು. ಸಾರು ಖಾಲಿ ಅಂತ ಬಾಗಿಲು ಹಾಕುವ ಅಂಗಡಿಯನ್ನು ಮಾತ್ರ ಬಿಡಬೇಡಿ. ನೀರು ಬೆರೆಸಿ ಸಂಜೆವರೆಗೆ ಎಳೆಯಲಿಲ್ಲ ಅಂತ ಅರ್ಥ.

ಬಿಸಿಬಟ್ಟಲು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಹೋಗಿದ್ದೆವು, ಬೇಗ. ಸಸ್ಯಾಹಾರಿ ಗೆಳೆಯರು ಹಸಿರುತಟ್ಟೆ ಅವರ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ತೋಫು ಹಾಕಿದ ಹಸಿ ರೋಲ್, ಬಾನ್ ಸೆಯೊ ಬರೀ ಅಣಬೆ ಮತ್ತು ಹೆಸರುಬೇಳೆ ಹಾಕಿ, ಸೋಯಾ ನಿಂಬೆ ಸಾಸ್. ಬಾನ್ ಸೆಯೊ ಮುರಿದು ಸಾಸಿವೆ ಸೊಪ್ಪಿನಲ್ಲಿ ಸುತ್ತಿ ಅದ್ದಿ ತಿಂದರು. ಖುಷಿಯಾಗಿ ಇನ್ನೊಂದು ಹೇಳಿದರು. ಸಾಸ್ ಗೆಳೆಯ ಮೊದಲ ಗುಟುಕು ಕುಡಿದ, "ಚೆನ್ನಾಗಿದೆ" ಅಂದ, ಆಮೇಲೆ ಸುರಿದೇಬಿಟ್ಟ.

ಮೂಳೆಸಾರು:
ಗುಟುಕು ಕುಡಿದರಲ್ಲ, ನನಗಷ್ಟೇ ಬೇಕಿದ್ದದ್ದು.

ಖಾರಪ್ರಿಯೆ:
ಸುರಿದರಲ್ಲ, ನನಗೂ ಅಷ್ಟೇ ಬೇಕಿದ್ದದ್ದು.

ಕಿಟಕಿ_ಸೀಟು:
ಯಾರಾದರೂ ಪಾರ್ಸೆಲ್ ತಂದಿದ್ದೀರಾ? ನಾನು ತಂದಾಗೆಲ್ಲ ನೂಡಲ್ಸ್ ಮುದ್ದೆಯಾಗಿರುತ್ತದೆ.

ಸೌಟು_ಹಿಡಿದವ:
ಸಾರು ಬೇರೆ, ನೂಡಲ್ಸ್ ಬೇರೆ, ಮಾಂಸ ಬೇರೆ ಕಟ್ಟಿಸಿಕೊಳ್ಳಿ. ಎಲ್ಲ ಒಂದೇ ಡಬ್ಬಿಗೆ ಹಾಕುವ ಕಡೆ ಪಾರ್ಸೆಲ್ಲೇ ಬೇಡ. ಮನೆಗೆ ಬಂದು ಸಾರನ್ನು ಮತ್ತೆ ಚೆನ್ನಾಗಿ ಕುದಿಸಿ. ನೂಡಲ್ಸ್ ಅಂಟಿಕೊಂಡಿದ್ದರೆ ಒಂದು ಬೋಸಿಯಲ್ಲಿ ಕುದಿನೀರು ಸುರಿದು ಚಾಪ್‌ಸ್ಟಿಕ್‌ನಲ್ಲಿ ಬಿಡಿಸಿ, ಕೂಡಲೇ ಸೋಸಿ. ಮೈಕ್ರೋವೇವ್‌ನಲ್ಲಿ ಇಟ್ಟರೆ ಅಂಚು ಒಣಗುತ್ತದೆ. ಬಟ್ಟಲನ್ನೂ ಬಿಸಿನೀರಲ್ಲಿ ಕಾಯಿಸಿಕೊಳ್ಳಿ. ಹಸಿ ಮಾಂಸ ಕೊಟ್ಟಿದ್ದರೆ ಬಟ್ಟಲಲ್ಲಿ ಅಲ್ಲ, ಕುದಿಯುವ ಪಾತ್ರೆಗೇ ಹಾಕಿ ಬೇಯಿಸಿ ತೆಗೆಯಿರಿ.

ಕಿಟಕಿ_ಸೀಟು:
ಸೊಪ್ಪು?

ಸೌಟು_ಹಿಡಿದವ:
ಬಿಸಿ ಡಬ್ಬಿ ಮೇಲೆ ಇಟ್ಟುಕೊಂಡು ಬರಬೇಡಿ, ಬೇರೆ ಚೀಲದಲ್ಲಿ ತನ್ನಿ. ಬಾಡಿದ್ದರೆ ಹತ್ತು ನಿಮಿಷ ತಣ್ಣೀರಲ್ಲಿ ಹಾಕಿಡಿ, ಮತ್ತೆ ನಿಮಿರುತ್ತದೆ.